ಪವಾಯಿಯ ಸರ್ವರ್, ಊರಿನ ಬ್ರೌಸರ್

ಗಟ್ಟಿ ಕಂಪ್ಯೂಟರೊಂದರ ಒಳಗೆ ತಂತ್ರಾಂಶದ ಬಲದಿಂದಲೇ ಎದ್ದು ನಿಲ್ಲುವ ಇನ್ನೊಂದು ಕಂಪ್ಯೂಟರಿಗೆ ವರ್ಚುವಲ್ ಮಷೀನ್ ಎಂದು ಹೆಸರು. ಅದರೊಡನೆ ದಿನವೂ ಕೆಲಸ ಮಾಡುವವರು ಚಿಕ್ಕದಾಗಿ ವಿಎಂ ಎನ್ನುತ್ತಾರೆ. ತನಗೆ ಸ್ವಂತ ಪ್ರೊಸೆಸರ್ ಇದೆ, ಮೆಮೊರಿ ಇದೆ, ಡಿಸ್ಕ್ ಇದೆ, ನೆಟ್‌ವರ್ಕ್ ಕಾರ್ಡ್ ಇದೆ ಎಂದುಕೊಂಡೇ ಅದರೊಳಗಿನ ಆಪರೇಟಿಂಗ್ ಸಿಸ್ಟಂ ಓಡುತ್ತಿರುತ್ತದೆ. ಒಂದೇ ಸರ್ವರಿನಲ್ಲಿ ಇಂಥ ಹತ್ತಾರು ಯಂತ್ರಗಳು ಒಂದರ ಸುದ್ದಿಗೆ ಇನ್ನೊಂದು ಹೋಗದೆ ನಡೆಯಬಲ್ಲವು. ಇವುಗಳನ್ನು ಹುಟ್ಟಿಸುವುದು, ಚಾಲೂ ಮಾಡುವುದು, ನಿಲ್ಲಿಸುವುದು, ನಕಲು ತೆಗೆಯುವುದು, ಬೇರೆ ಸರ್ವರಿಗೆ ಸಾಗಿಸುವುದು, ಕೊನೆಗೆ ಅಳಿಸುವುದು, ಇಷ್ಟನ್ನೂ ಇಂದು ಬ್ರೌಸರಿನ ಒಂದು ಪುಟದಲ್ಲಿ ಮಾಡಬಹುದು. ಸರ್ವರ್ ಇರುವ ಕೋಣೆಗೆ ಕಾಲಿಡಬೇಕಾಗಿಲ್ಲ. ಅದು ಯಾವ ಊರಿನಲ್ಲಿದೆ ಎಂಬುದು ಕೂಡ ಬಳಸುವವರಿಗೆ ತಿಳಿದಿರಬೇಕೆಂದಿಲ್ಲ.

ಆದರೆ ಸರ್ವರಿಗೆ ಒಂದು ನೆಲೆ ಇದ್ದೇ ಇರುತ್ತದೆ. ಮುಂಬಯಿಯ ಪವಾಯಿ ಅಂಥ ನೆಲೆಗಳಲ್ಲಿ ಒಂದು. ವಿಹಾರ್ ಮತ್ತು ಪವಾಯಿ ಕೆರೆಗಳ ನಡುವೆ, 1958ರಲ್ಲಿ ಶುರುವಾದ ಐಐಟಿ ಬಾಂಬೆ ಇದೆ. ಪಕ್ಕದ ಚಾಂದಿವಲಿಯಲ್ಲಿ ನೆಟ್‌ಮ್ಯಾಜಿಕ್ ಕಟ್ಟಿದ, ಈಗ ಜಪಾನಿನ ಎನ್‌ಟಿಟಿ ನಡೆಸುತ್ತಿರುವ ಡೇಟಾ ಸೆಂಟರುಗಳಿವೆ. ನೆಟ್‌ಮ್ಯಾಜಿಕ್ಕನ್ನು 1998ರಲ್ಲಿ ಸ್ಥಾಪಿಸಿದ ಶರದ್ ಸಾಂಘಿ ಇದೇ ಐಐಟಿಯಲ್ಲಿ ಓದಿದವರು. ಪವಾಯಿಯ ಹೀರಾನಂದಾನಿ ಗಾರ್ಡನ್ಸ್ ಕಟ್ಟಿದ ಸಮೂಹ 2019ರಲ್ಲಿ ಯೋಟಾ ಎಂಬ ಕಂಪನಿ ತೆರೆದು, ಮರುವರ್ಷ ಪನ್ವೇಲಿನಲ್ಲಿ ದೊಡ್ಡ ಡೇಟಾ ಸೆಂಟರ್ ಎಬ್ಬಿಸಿತು. ಸಮುದ್ರದಡಿಯ ಕೇಬಲ್ಲುಗಳು ಮುಂಬಯಿ ತೀರದಲ್ಲಿ ದಡ ಸೇರುವುದು, ಬ್ಯಾಂಕುಗಳ ಮತ್ತು ಷೇರುಪೇಟೆಯ ವ್ಯವಹಾರ ಇಲ್ಲೇ ನಡೆಯುವುದು ಈ ಉದ್ಯಮ ಇಲ್ಲಿ ಬೇರೂರಲು ಮುಖ್ಯ ಕಾರಣ. ಅಮೆಜಾನ್ 2016ರ ಜೂನಿನಲ್ಲಿ, ಗೂಗಲ್ 2017ರಲ್ಲಿ ಭಾರತದ ತಮ್ಮ ಮೊದಲ ಕ್ಲೌಡ್ ಕೇಂದ್ರವನ್ನು ತೆರೆಯಲು ಆರಿಸಿಕೊಂಡದ್ದೂ ಮುಂಬಯಿಯನ್ನೇ.

ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಪವಾಯಿಗೆ ಹಳೆಯದು. ಸೋವಿಯತ್ ಒಕ್ಕೂಟದ ನೆರವಿನಿಂದ ಬೆಳೆದ ಐಐಟಿಗೆ 1960ರ ದಶಕದಲ್ಲಿ ಮಿನ್ಸ್ಕ್-2 ಎಂಬ ಕಂಪ್ಯೂಟರ್ ಬಂತು. ರಂಧ್ರ ಕೊರೆದ ಕಾರ್ಡು, ಕಾಗದದ ಪಟ್ಟಿಗಳ ಕಾಲ ಅದು. ಬರೆದ ಪ್ರೋಗ್ರಾಮನ್ನು ಕೊಟ್ಟು, ಸರದಿ ಬರುವವರೆಗೆ ಕಾದು, ಫಲಿತಾಂಶದ ಹಾಳೆ ಪಡೆಯಬೇಕಿತ್ತು. ತಪ್ಪಿದ್ದರೆ ಮತ್ತೆ ಸರದಿ. 1970ರ ದಶಕದಲ್ಲಿ ಬಂದ ಇಸಿ-1030 ಕೂಡ ಸೋವಿಯತ್ ಬಣದ ತಯಾರಿಕೆಯೇ. ಆದರೆ ಅದರ ವಿನ್ಯಾಸ ಐಬಿಎಂ ಕಂಪನಿಯ ಸಿಸ್ಟಂ/360ರ ದಾರಿಯಲ್ಲಿತ್ತು. ವರ್ಚುವಲ್ ಮಷೀನ್ ಕಲ್ಪನೆ ಮೊದಲು ಕೈಗೂಡಿದ್ದು ಆ 360 ವಂಶದಲ್ಲೇ. ಅಮೆರಿಕದ ಕೇಂಬ್ರಿಜ್ ಊರಿನಲ್ಲಿದ್ದ ಐಬಿಎಂ ಸಂಶೋಧಕರು ಮಾಡೆಲ್ 40 ಯಂತ್ರವೊಂದನ್ನು ವಿಶೇಷವಾಗಿ ಮಾರ್ಪಡಿಸಿ, ಸಿಪಿ-40 ಎಂಬ ವ್ಯವಸ್ಥೆಯನ್ನು 1967ರಲ್ಲಿ ಬಳಕೆಗೆ ತಂದರು. ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಇಡೀ ಕಂಪ್ಯೂಟರ್ ತನ್ನದೇ ಎಂಬಂತೆ ಸಿಗುತ್ತಿತ್ತು. ಐಬಿಎಂ ಅದನ್ನು ಬೆಳೆಸಿ 1972ರಲ್ಲಿ ವಿಎಂ/370 ಎಂದು ಮಾರುಕಟ್ಟೆಗೆ ಬಿಟ್ಟಿತು.

ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರುಗಳ ಪ್ರೊಸೆಸರಿಗೆ ಈ ವಿದ್ಯೆ ಬಹುಕಾಲ ಒಗ್ಗಲಿಲ್ಲ. ಯಂತ್ರದ ಸ್ಥಿತಿಯನ್ನೇ ಬದಲಿಸುವ ಅಥವಾ ಬಯಲು ಮಾಡುವ ಕೆಲವು ಆದೇಶಗಳನ್ನು ಒಳಗಿನ ಸಿಸ್ಟಂ ಕೊಟ್ಟಾಗ, ವಿಎಂಗಳನ್ನು ನಡೆಸುವ ಮೇಲ್ವಿಚಾರಕ ತಂತ್ರಾಂಶಕ್ಕೆ ಅದು ಗೊತ್ತೇ ಆಗುತ್ತಿರಲಿಲ್ಲ. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಅಂಥ ಆದೇಶಗಳನ್ನು ಓಡುತ್ತಿರುವಾಗಲೇ ಬದಲಿಸಿ ದಾರಿ ಮಾಡಿಕೊಂಡಿತು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬಂದ ಝೆನ್ ಎಂಬ ತಂತ್ರಾಂಶ, ಒಳಗಿನ ಆಪರೇಟಿಂಗ್ ಸಿಸ್ಟಂ ಅನ್ನೇ ತುಸು ತಿದ್ದಿತು. 2005-06ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರಿನಲ್ಲೇ ಈ ಸೌಲಭ್ಯ ಸೇರಿಸಿದವು. ಮರುವರ್ಷ, 2007ರ ಫೆಬ್ರವರಿಯಲ್ಲಿ, ಕೆವಿಎಂ ಎಂಬ ಭಾಗ ಲಿನಕ್ಸ್ ಕರ್ನಲ್ಲಿಗೆ ಸೇರಿತು. ಅಲ್ಲಿಂದ ಮುಂದೆ, ಪ್ರೊಸೆಸರಿನಲ್ಲಿ ಆ ಸೌಲಭ್ಯವಿದ್ದು ಲಿನಕ್ಸ್ ಹಾಕಿದ ಯಾವುದೇ ಸರ್ವರ್, ದುಡ್ಡು ಕೊಟ್ಟು ಬೇರೇನನ್ನೂ ತರದೆ, ವರ್ಚುವಲ್ ಮಷೀನುಗಳ ತಾಯಿಯಾಗಬಹುದಾಯಿತು. ಕಾಲೇಜುಗಳ ಮಟ್ಟಿಗೆ ಇಷ್ಟು ದೊಡ್ಡ ಉಪಕಾರ ಮಾಡಿದ ತಂತ್ರಾಂಶ ಅಪರೂಪ.

ಕೆವಿಎಂ ಬಳಸುವ ಸಾಮಾನ್ಯ ವ್ಯವಸ್ಥೆಯೊಂದರಲ್ಲಿ, ಬ್ರೌಸರಿನ ಪುಟದ 'ಸ್ಟಾರ್ಟ್' ಬಟನ್ ಒತ್ತಿದಾಗ ಏನಾಗುತ್ತದೆ ಎಂದು ಹಂತ ಹಂತವಾಗಿ ನೋಡಬೇಕು. ಬ್ರೌಸರ್ ತಾನಾಗಿ ಯಾವ ಯಂತ್ರವನ್ನೂ ಎಬ್ಬಿಸಲಾರದು. ಅದು ಗೂಢಲಿಪಿಯ ಸಂಪರ್ಕದ ಮೂಲಕ ನಿರ್ವಹಣೆಯ ಸರ್ವರಿಗೆ ಒಂದು ಕೋರಿಕೆ ಕಳಿಸುತ್ತದೆ, ಅಷ್ಟೆ. ಕೋರಿಕೆ ಯಾರದು, ಈ ಯಂತ್ರವನ್ನು ಮುಟ್ಟಲು ಅವರಿಗೆ ಹಕ್ಕಿದೆಯೇ ಎಂದು ಆ ಸರ್ವರ್ ಪರೀಕ್ಷಿಸುತ್ತದೆ. ಹಕ್ಕಿದ್ದರೆ, ಯಂತ್ರದ ವಿವರವನ್ನು ತನ್ನ ಪಟ್ಟಿಯಿಂದ ತೆಗೆಯುತ್ತದೆ: 2 ಪ್ರೊಸೆಸರ್, 4 ಜಿಬಿ ಮೆಮೊರಿ, ಇಂಥ ಡಿಸ್ಕ್, ಇಂಥ ನೆಟ್‌ವರ್ಕ್. ಯಾವ ಸರ್ವರಿನಲ್ಲಿ ಜಾಗ ಉಳಿದಿದೆ ಎಂದು ಹುಡುಕಿ, ಅಲ್ಲಿನ ಲಿಬ್‌ವರ್ಟ್ ಎಂಬ ನಡುವಣ ತಂತ್ರಾಂಶಕ್ಕೆ ಅಪ್ಪಣೆ ಕೊಡುತ್ತದೆ. ಲಿಬ್‌ವರ್ಟ್ ಕ್ಯೂಎಮು ಎಂಬ ಪ್ರೋಗ್ರಾಮನ್ನು ಓಡಿಸುತ್ತದೆ. ಕ್ಯೂಎಮು ಕೃತಕ ಡಿಸ್ಕ್, ಕೃತಕ ನೆಟ್‌ವರ್ಕ್ ಕಾರ್ಡುಗಳನ್ನು ಒದಗಿಸಿ, ಪ್ರೊಸೆಸರಿನ ಕೆಲಸವನ್ನು ಕೆವಿಎಂಗೆ ಒಪ್ಪಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪುಟದ ಮೇಲೆ ಯಂತ್ರದ ಹೆಸರಿನ ಪಕ್ಕದ ಗುರುತು ಹಸಿರಾಗುತ್ತದೆ.

ಬಳಸುವವರು ಇಡೀ ಕಂಪ್ಯೂಟರ್ ಎಂದುಕೊಂಡದ್ದು ತಾಯಿ ಸರ್ವರಿನ ಕಣ್ಣಿಗೆ ಲಿನಕ್ಸಿನ ಒಂದು ಮಾಮೂಲಿ ಪ್ರಕ್ರಿಯೆ. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಅದೂ ಒಂದು ಸಾಲು. ಅದರ ಪ್ರತಿಯೊಂದು ಕೃತಕ ಪ್ರೊಸೆಸರೂ ಆ ಪ್ರಕ್ರಿಯೆಯ ಒಂದು ಎಳೆ. ಆ ಸಾಲನ್ನು ಬಲವಂತವಾಗಿ ನಿಲ್ಲಿಸಿದರೆ ಒಳಗಿನ ಕಂಪ್ಯೂಟರಿನ ಮಟ್ಟಿಗೆ ಕರೆಂಟು ಹೋದಂತೆಯೇ. ಆದ್ದರಿಂದ ನಿರ್ವಹಣೆಯ ಪುಟದಲ್ಲಿ ನಿಲ್ಲಿಸಲು ಎರಡು ಬಟನ್ನುಗಳಿರುತ್ತವೆ. ಒಂದು, ಒಳಗಿನ ಸಿಸ್ಟಂಗೆ ಸೂಚನೆ ಕೊಟ್ಟು ಫೈಲುಗಳನ್ನೆಲ್ಲ ಮುಚ್ಚಿ ಮಲಗಲು ಬಿಡುವುದು. ಇನ್ನೊಂದು, ಒಮ್ಮೆಗೇ ಕತ್ತರಿಸುವುದು. ಹೊಸಬರು ಅವಸರಕ್ಕೆ ಎರಡನೆಯದನ್ನು ಒತ್ತಿ ಡೇಟಾಬೇಸ್ ಕೆಡಿಸಿಕೊಳ್ಳುವುದು ಎಲ್ಲ ಕಡೆಯ ಅನುಭವ.

ಯಂತ್ರ ಎದ್ದ ಮೇಲೆ ಅದರ ಪರದೆ ಕಾಣಬೇಕಲ್ಲ. ಅದಕ್ಕೆ ಇರುವುದು ಕನ್ಸೋಲ್. ಸಾಮಾನ್ಯ ದಿನಗಳಲ್ಲಿ ನೆಟ್‌ವರ್ಕಿನ ಮೂಲಕ ಲಾಗಿನ್ ಆಗಿ ಕೆಲಸ ಮಾಡಬಹುದು. ಆದರೆ ಒಳಗಿನ ನೆಟ್‌ವರ್ಕ್ ಸೆಟ್ಟಿಂಗೇ ಹಾಳಾದಾಗ, ಅಥವಾ ಯಂತ್ರ ಅರ್ಧ ಎದ್ದು ನಿಂತುಬಿಟ್ಟಾಗ, ಆ ದಾರಿ ಮುಚ್ಚಿರುತ್ತದೆ. ಆಗ ಯಂತ್ರದ ಎದುರು ಕೂತು ಮಾನಿಟರ್ ನೋಡಿದಂತೆ ನೋಡಲು ಕನ್ಸೋಲ್ ಒಂದೇ ಗತಿ. ಬ್ರೌಸರಿನ ನಿರ್ವಹಣೆಯಲ್ಲಿ ನಿಜಕ್ಕೂ ದೊಡ್ಡ ಸಾಧನೆ ಎಂದರೆ ಇದೇ. ಪಟ್ಟಿ ತೋರಿಸುವ, ಬಟನ್ ಒತ್ತಿಸುವ ಪುಟ ಮಾಡುವುದು ಮೊದಲಿನಿಂದಲೂ ಸಾಧ್ಯವಿತ್ತು. ಜೀವಂತ ಪರದೆಯನ್ನು ಪುಟದೊಳಗೆ ತರುವುದು ಕಷ್ಟವಾಗಿತ್ತು.

ಅದು ಸಾಧ್ಯವಾದದ್ದು ಎರಡು ಹೆಜ್ಜೆಗಳಲ್ಲಿ. ದೂರದ ಪರದೆಯನ್ನು ತೋರಿಸುವ ವಿಎನ್‌ಸಿ ಎಂಬ ಸರಳ ವಿಧಾನವನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಸಂಶೋಧನಾಲಯ 1990ರ ದಶಕದಲ್ಲಿ ರೂಪಿಸಿತ್ತು. ಪರದೆಯಲ್ಲಿ ಯಾವ ಚೌಕ ಬದಲಾಯಿತೋ ಅಷ್ಟನ್ನೇ ಕಳಿಸುವುದು ಅದರ ಉಪಾಯ. ಅದನ್ನು ನೋಡಲು ಬೇರೆ ಪ್ರೋಗ್ರಾಂ ಹಾಕಿಕೊಳ್ಳಬೇಕಿತ್ತು. ಬ್ರೌಸರಿನಲ್ಲೇ ತೋರಿಸಲು ಜಾವಾ ಅಥವಾ ಫ್ಲ್ಯಾಶ್ ಬೇಕಿತ್ತು. 2011ರಲ್ಲಿ ವೆಬ್‌ಸಾಕೆಟ್ ಎಂಬ ಮಾನದಂಡ ಸ್ಥಿರವಾಯಿತು. ಒಮ್ಮೆ ಕೇಳಿ ಒಮ್ಮೆ ಉತ್ತರ ಪಡೆದು ಮುಗಿಯುವ ಹಳೆಯ ರೀತಿ ಬಿಟ್ಟು, ಬ್ರೌಸರ್ ಮತ್ತು ಸರ್ವರಿನ ನಡುವೆ ಸದಾ ತೆರೆದ ಎರಡು ದಿಕ್ಕಿನ ದಾರಿ ದೊರೆಯಿತು. ಆ ದಾರಿಯನ್ನು ಬಳಸಿದ ನೋವಿಎನ್‌ಸಿ ಎಂಬ ಮುಕ್ತ ತಂತ್ರಾಂಶ, ಬಂದ ಚೌಕಗಳನ್ನು ಪುಟದ ಕ್ಯಾನ್ವಾಸಿನಲ್ಲಿ ಬಿಡಿಸುತ್ತದೆ. ಕೀಲಿ ಒತ್ತಿದ್ದನ್ನು, ಮೌಸ್ ಸರಿದದ್ದನ್ನು ವಾಪಸು ಕಳಿಸುತ್ತದೆ. ಓಪನ್‌ಸ್ಟ್ಯಾಕ್, ವಿಯೆನ್ನಾದಿಂದ 2008ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ ಮೊದಲಾದ ಹಲವು ವಿಎಂ ನಿರ್ವಹಣಾ ವ್ಯವಸ್ಥೆಗಳ ಕನ್ಸೋಲ್ ಇದರ ಮೇಲೆಯೇ ನಿಂತಿದೆ. ಫ್ಲ್ಯಾಶನ್ನು ನೆಚ್ಚಿದ್ದ ವಿಎಂವೇರ್ ತನ್ನ ನಿರ್ವಹಣಾ ಪುಟವನ್ನು 2016ರಿಂದ ಎಚ್‌ಟಿಎಂಎಲ್-5ಕ್ಕೆ ಬದಲಿಸುತ್ತ ಬಂತು. 2020ರ ಕೊನೆಗೆ ಫ್ಲ್ಯಾಶ್ ನಿಂತೇ ಹೋಯಿತು. ಒಬ್ಬ ಒಡೆಯನ ಪ್ಲಗಿನ್ನನ್ನು ನಂಬಿ ಕಟ್ಟಿದ ಪುಟಗಳೆಲ್ಲ ಅಂದು ಕಣ್ಣು ಮುಚ್ಚಿದವು. ಎಲ್ಲರಿಗೂ ಸೇರಿದ ಮಾನದಂಡದ ಮೇಲೆ ಕಟ್ಟಿದವು ಇಂದಿಗೂ ನಡೆಯುತ್ತಿವೆ.

ಈ ಕನ್ಸೋಲಿನಲ್ಲಿ ಕೂತವರಿಗೆ ಎರಡು ಸಂಗತಿ ಬೇಗ ಎದುರಾಗುತ್ತವೆ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮೇಜಿನ ಮೇಲಿನ ಸ್ವಂತ ಕಂಪ್ಯೂಟರೇ ಅದನ್ನು ಹಿಡಿದುಕೊಳ್ಳುತ್ತದೆ, ದೂರದ ಯಂತ್ರಕ್ಕೆ ತಲುಪುವುದಿಲ್ಲ. ಅದಕ್ಕೆಂದೇ ಕನ್ಸೋಲಿನ ಬದಿಯಲ್ಲಿ ಆ ಮೂರು ಕೀಲಿಗಳಿಗೆ ಪ್ರತ್ಯೇಕ ಬಟನ್ ಇಟ್ಟಿರುತ್ತಾರೆ. ಇನ್ನೊಂದು ಕನ್ನಡಿಗರನ್ನು ನೇರವಾಗಿ ತಟ್ಟುವಂಥದ್ದು. ಸ್ವಂತ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಂಡು ಕನ್ಸೋಲಿನಲ್ಲಿ ಬೆರಳಚ್ಚು ಮಾಡಿದರೆ ದೂರದ ಯಂತ್ರದಲ್ಲಿ ಕನ್ನಡ ಮೂಡುವುದಿಲ್ಲ. ಕನ್ಸೋಲ್ ಸಾಗಿಸುವುದು ಕೀಲಿಗಳನ್ನು. ಕೂಡಿಸಿ ಮುಗಿದ ಅಕ್ಷರವನ್ನಲ್ಲ. 'ಕ' ಎಂಬ ಅಕ್ಷರದ ಹೆಸರಿನ ಕೀಲಿ ಕೃತಕ ಕೀಬೋರ್ಡಿನಲ್ಲಿ ಇಲ್ಲವೇ ಇಲ್ಲ. ಉಪಾಯ ಇಷ್ಟೆ: ಹೊರಗೆ ಇಂಗ್ಲಿಷ್ ಕೀಲಿಮಣೆ ಇಟ್ಟುಕೊಂಡು, ಒಳಗಿನ ಲಿನಕ್ಸಿನಲ್ಲಿ ಐಬಸ್ ಎಂಬ ಬೆರಳಚ್ಚು ತಂತ್ರಾಂಶ ಸೇರಿಸಿ, ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಅಲ್ಲೇ ಆರಿಸಬೇಕು. ಫಾಂಟ್ ಕೂಡ ಅಲ್ಲೇ ಇರಬೇಕು. ಹೊರಗೆ ಬರುವುದು ಚಿತ್ರ ಮಾತ್ರವಾದ್ದರಿಂದ, ನೋಡುವ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಸರಿಯಾಗಿಯೇ ಕಾಣುತ್ತದೆ.

ದೂರದ ಲೆಕ್ಕವೂ ಇಲ್ಲಿ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಮುಂಬಯಿಯಿಂದ ಬೆಂಗಳೂರಿಗೆ ಸುಮಾರು 1,000 ಕಿಲೋಮೀಟರ್ ದಾರಿ ಎಂದಿಟ್ಟುಕೊಂಡರೆ, ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ನಡುವಿನ ಉಪಕರಣಗಳು ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಬೆರಳಚ್ಚು ಮಾಡುವವರಿಗೆ ಇಷ್ಟು ತಡ ಗೊತ್ತಾಗುವುದಿಲ್ಲ. ಅದೇ ಸರ್ವರ್ ಅಮೆರಿಕದಲ್ಲಿದ್ದರೆ ಪ್ರತಿ ಅಕ್ಷರಕ್ಕೂ ಕೈ ತಡೆದಂತಾಗುತ್ತದೆ. ಕ್ಲೌಡ್ ಕೇಂದ್ರಗಳು ಮುಂಬಯಿಗೆ ಬಂದದ್ದು ಕನ್ಸೋಲಿನ ಬಳಕೆದಾರರಿಗೆ ಹೀಗೆ ಬೆರಳ ತುದಿಯಲ್ಲೇ ತಿಳಿಯುವ ಬದಲಾವಣೆ.

ಕಲಿಕೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು ಡಿಸ್ಕಿನ ರಚನೆ. ವರ್ಚುವಲ್ ಮಷೀನಿನ ಡಿಸ್ಕ್ ಎಂದರೆ ಹಲವು ಸಲ ತಾಯಿ ಸರ್ವರಿನಲ್ಲಿರುವ ಒಂದು ಫೈಲು. 60 ವಿದ್ಯಾರ್ಥಿಗಳ ತರಗತಿಗೆ ತಲಾ 20 ಜಿಬಿಯ ಯಂತ್ರ ಕೊಡಬೇಕು ಎನ್ನೋಣ. ನೇರವಾಗಿ ನಕಲು ಮಾಡಿದರೆ 1,200 ಜಿಬಿ ಬೇಕು. ಹಾಗೆ ಮಾಡುವ ಬದಲು ಸಿದ್ಧಪಡಿಸಿದ ಒಂದೇ ಮೂಲ ಡಿಸ್ಕನ್ನು ಎಲ್ಲರೂ ಓದುವಂತೆ ಇಟ್ಟು, ಪ್ರತಿಯೊಬ್ಬರೂ ಬದಲಿಸಿದ ಭಾಗವನ್ನು ಮಾತ್ರ ಬೇರೆ ಫೈಲಿನಲ್ಲಿ ಬರೆಯುತ್ತಾರೆ. ಮೂಲ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಗೆರೆ ಎಳೆದಂತೆ ಇದು. ನಕ್ಷೆ ಕೆಡುವುದಿಲ್ಲ, ಹಾಳೆ ತೆಗೆದರೆ ಮೊದಲಿನಂತೆಯೇ. ವಿದ್ಯಾರ್ಥಿ ತಪ್ಪು ಆದೇಶ ಕೊಟ್ಟು ಇಡೀ ಫೈಲ್ ಸಿಸ್ಟಂ ಅಳಿಸಿಹಾಕಿದರೂ ಪುಟದಲ್ಲಿ ಒಂದು ಬಟನ್ ಒತ್ತಿ ಕ್ಷಣದಲ್ಲಿ ಮತ್ತೆ ಶುರು ಮಾಡಬಹುದು. ಕರ್ನಲ್ ತಿದ್ದುವುದು, ನೆಟ್‌ವರ್ಕ್ ನಿಯಮ ಬದಲಿಸುವುದು, ವೈರಸ್ ಸ್ವಭಾವ ಪರೀಕ್ಷಿಸುವುದು ಮುಂತಾದ ಪಾಠಗಳಿಗೆ ಕಾಲೇಜಿನ ಲ್ಯಾಬಿನ ಹಂಚಿಕೆಯ ಕಂಪ್ಯೂಟರಿನಲ್ಲಿ ಅನುಮತಿ ಸಿಗುವುದು ಕಷ್ಟ. ವಿಎಂನಲ್ಲಿ ಅದೇ ಪಾಠ ನಿರ್ಭಯವಾಗಿ ನಡೆಯುತ್ತದೆ. ಕೆಡಿಸಿ ಕಲಿಯುವ ಹಕ್ಕನ್ನು ವಿದ್ಯಾರ್ಥಿಗೆ ಕೊಟ್ಟ ತಂತ್ರಜ್ಞಾನ ಇದು.

ಪವಾಯಿಯಲ್ಲೇ ಇರುವ ಇನ್ನೊಂದು ಪ್ರಯೋಗದೊಡನೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ತಂಡ ಸಿಂಗಲ್ ಬೋರ್ಡ್ ಹೀಟರ್ ಸಿಸ್ಟಂ ಎಂಬ ಪುಟ್ಟ ಉಪಕರಣ ರೂಪಿಸಿತು. ಒಂದು ಉಕ್ಕಿನ ಪಟ್ಟಿ, ಅದನ್ನು ಕಾಯಿಸುವ ಕಾಯಿಲ್, ತಣಿಸುವ ಫ್ಯಾನ್, ಉಷ್ಣತೆ ಅಳೆಯುವ ಸಂವೇದಕ, ಎಲ್ಲವನ್ನೂ ನಡೆಸುವ ಒಂದು ಸಣ್ಣ ಚಿಪ್. ನಿಯಂತ್ರಣ ಶಾಸ್ತ್ರ ಕಲಿಯುವವರು ಎಲ್ಲಿಂದಲೇ ಆದರೂ ಇಂಟರ್‌ನೆಟ್ ಮೂಲಕ ಈ ನಿಜವಾದ ಉಪಕರಣವನ್ನು ಕಾಯಿಸಿ, ತಣಿಸಿ, ಫಲಿತಾಂಶ ದಾಖಲಿಸಬಹುದು. ಆದರೆ ಒಂದು ಉಪಕರಣಕ್ಕೆ ಕಾಯಿಲ್ ಒಂದೇ ಆದ್ದರಿಂದ ಅದರಲ್ಲಿ ಒಂದು ಹೊತ್ತಿಗೆ ಒಬ್ಬರೇ. ಮುಂಚಿತವಾಗಿ ಸಮಯ ಕಾದಿರಿಸಬೇಕು. ವರ್ಚುವಲ್ ಮಷೀನಿಗೆ ಈ ಕಟ್ಟು ಇಲ್ಲ. ಬಿಸಿಯಾದ ಉಕ್ಕನ್ನು ನಕಲು ಮಾಡಲಾಗದು. ಓಡುತ್ತಿರುವ ಕಂಪ್ಯೂಟರನ್ನು ಮಾಡಬಹುದು. ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್ ಅಡಿಯ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಐಐಟಿ ದೆಹಲಿಯ ಮುಂದಾಳತ್ವದಲ್ಲಿ ಐಐಟಿ ಬಾಂಬೆಯೂ ಸುರತ್ಕಲ್ಲಿನ ಎನ್‌ಐಟಿಕೆಯೂ ಪಾಲುಗೊಂಡವು. ಪ್ರಯೋಗಾಲಯ ಇಲ್ಲದ ಕಾಲೇಜಿನ ವಿದ್ಯಾರ್ಥಿಗೆ ಬ್ರೌಸರನ್ನೇ ಬಾಗಿಲಾಗಿಸುವ ವಿಚಾರಕ್ಕೆ ದೇಶದಲ್ಲಿ ಹೀಗೆ ಒಂದು ನೆಲೆ ಸಿಕ್ಕಿತು.

ವಿಎಂಗಳನ್ನೇ ಹಂಚುವ ಕೆಲಸಕ್ಕೆ ಐಐಟಿ ದೆಹಲಿ 'ಬಾದಲ್' ಎಂಬ ಮುಕ್ತ ವ್ಯವಸ್ಥೆ ಕಟ್ಟಿತು. ಅದೂ ಕೆವಿಎಂ ಮತ್ತು ಲಿಬ್‌ವರ್ಟ್ ಮೇಲೆ ನಿಂತದ್ದು. ವಿದ್ಯಾರ್ಥಿ ಪುಟದಲ್ಲಿ ತನಗೆ ಬೇಕಾದ ಯಂತ್ರದ ಅಳತೆ ತುಂಬಿ ಕೋರಿಕೆ ಸಲ್ಲಿಸಿದರೆ, ಅಧ್ಯಾಪಕರ ಒಪ್ಪಿಗೆಯ ನಂತರ ಯಂತ್ರ ಸಿಗುತ್ತದೆ. ಪವಾಯಿಯಲ್ಲಿ ಸಂಶೋಧನೆಯ ಒತ್ತು ಬೇರೆ. ಐಐಟಿ ಬಾಂಬೆಯ ಕಂಪ್ಯೂಟರ್ ವಿಜ್ಞಾನ ವಿಭಾಗದ ಪುರುಷೋತ್ತಮ ಕುಲಕರ್ಣಿ, ಉಮೇಶ್ ಬೆಳ್ಳೂರ್ ಮೊದಲಾದವರು ಮತ್ತು ಅವರ ವಿದ್ಯಾರ್ಥಿಗಳು, ಒಂದೇ ಸರ್ವರಿನ ಮೆಮೊರಿಯನ್ನು ಹಲವು ವಿಎಂಗಳಿಗೆ ಹೇಗೆ ಹಂಚಬೇಕು, ಹೊರೆ ಹೆಚ್ಚಿದಾಗ ಯಾವ ಯಂತ್ರವನ್ನು ಎಲ್ಲಿಗೆ ಸಾಗಿಸಬೇಕು ಎಂಬ ಪ್ರಶ್ನೆಗಳ ಮೇಲೆ ಕೆಲಸ ಮಾಡಿದ್ದಾರೆ. ಪುಟದ ಮೇಲೆ ಒಂದು ಬಟನ್ನಾಗಿ ಕಾಣುವುದರ ಹಿಂದೆ ಇಂಥ ಲೆಕ್ಕಾಚಾರಗಳಿರುತ್ತವೆ. ಇನ್ನು ವಿಎಂನ ಒಳಗೆ ಕಾಣಸಿಗುವುದು ಬಹುಮಟ್ಟಿಗೆ ಲಿನಕ್ಸ್. ಅದನ್ನು ಕಲಿಸುವ, ಪವಾಯಿಯಲ್ಲೇ ತಯಾರಾಗುವ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದ ಧ್ವನಿಯಲ್ಲೂ ದೊರೆಯುತ್ತವೆ. ಇಂಗ್ಲಿಷ್ ಕಠಿಣವೆನ್ನುವ ಡಿಪ್ಲೊಮಾ ವಿದ್ಯಾರ್ಥಿಗೆ ಇದು ಸಣ್ಣ ನೆರವಲ್ಲ.

ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಸಾಗಿಸುವುದು ಈ ವಿದ್ಯೆಯ ಅತ್ಯಂತ ಸೊಗಸಾದ ಭಾಗ. ಮೊದಲು ಯಂತ್ರ ಓಡುತ್ತಿರುವಂತೆಯೇ ಅದರ ಮೆಮೊರಿಯ ಪುಟಗಳನ್ನೆಲ್ಲ ಇನ್ನೊಂದು ಸರ್ವರಿಗೆ ನಕಲು ಮಾಡುತ್ತಾರೆ. ಅಷ್ಟರಲ್ಲಿ ಕೆಲವು ಪುಟ ಬದಲಾಗಿರುತ್ತವೆ. ಅವನ್ನು ಮತ್ತೆ ನಕಲು ಮಾಡುತ್ತಾರೆ. ಪ್ರತಿ ಸುತ್ತಿಗೂ ಉಳಿಕೆ ಕಡಿಮೆಯಾಗುತ್ತ ಹೋಗಿ, ಕೊನೆಗೆ ಚೂರು ಉಳಿದಾಗ ಯಂತ್ರವನ್ನು ಕ್ಷಣ ತಡೆದು, ಅದನ್ನೂ ಕಳಿಸಿ, ಹೊಸ ಜಾಗದಲ್ಲಿ ಎಬ್ಬಿಸುತ್ತಾರೆ. 2005ರಲ್ಲಿ ಝೆನ್ ತಂಡ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜನ ಆಡುತ್ತಿದ್ದ ಆಟದ ಸರ್ವರನ್ನೇ ಹೀಗೆ ಸಾಗಿಸಿದಾಗ ಅದು ನಿಂತದ್ದು ಸುಮಾರು 60 ಮಿಲಿಸೆಕೆಂಡ್. ಸರ್ವರಿನ ಫ್ಯಾನ್ ಕೆಟ್ಟಾಗ, ಮೆಮೊರಿ ಬದಲಿಸಬೇಕಾದಾಗ, ಒಳಗಿನ ಕೆಲಸ ನಿಲ್ಲದಂತೆ ರಿಪೇರಿ ಮಾಡಲು ಇದೇ ದಾರಿ.

ಇಡೀ ಕಟ್ಟಡಕ್ಕೇ ತೊಂದರೆಯಾದರೆ ಈ ಉಪಾಯ ಸಾಲದು. 2020ರ ಅಕ್ಟೋಬರ್ 12ರ ಬೆಳಿಗ್ಗೆ ವಿದ್ಯುತ್ ಜಾಲ ಕುಸಿದು ಮುಂಬಯಿ ಮಹಾನಗರವೇ ಕತ್ತಲಾಯಿತು; ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರು ಹರಿಯುವ ಮಿಠಿ ನದಿ ಉಕ್ಕಿ ಊರನ್ನೇ ಮುಳುಗಿಸಿತು. ಡೇಟಾ ಸೆಂಟರುಗಳಿಗೆ ಡೀಸೆಲ್ ಜನರೇಟರ್, ಬ್ಯಾಟರಿಗಳ ಬೆಂಬಲ ಇರುತ್ತದೆ. ಆದರೂ ಬ್ಯಾಕಪ್ಪಿನ ಒಂದು ಪ್ರತಿ ಬೇರೆ ಊರಿನಲ್ಲಿರಬೇಕು ಎಂಬುದು ಮುಂಬಯಿಯ ಮಳೆಗಾಲ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ತಿಳಿಯುವುದು ಇಲ್ಲಿ ಸಾಮಾನ್ಯವಾದ, ದುಬಾರಿಯಾದ ತಪ್ಪು. ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಮೂಲ ಡಿಸ್ಕ್ ಇರುವ ಕಪಾಟಿನಲ್ಲೇ ಇರುತ್ತದೆ. ಕಪಾಟು ಹೋದರೆ ಎರಡೂ ಹೋದವು.

ಎಲ್ಲವೂ ಒಂದೇ ಪುಟದಲ್ಲಿ ಸಿಗುವ ಅನುಕೂಲವೇ ಅಪಾಯದ ಮೂಲವೂ ಹೌದು. ಆ ಪುಟದ ಪಾಸ್‌ವರ್ಡ್ ಕದ್ದವರಿಗೆ ನೂರಾರು ಯಂತ್ರಗಳ ಸ್ವಿಚ್ ಸಿಕ್ಕಂತೆ. 2023ರ ಫೆಬ್ರವರಿಯಲ್ಲಿ, ಇಂಟರ್‌ನೆಟ್ಟಿಗೆ ತೆರೆದಿಟ್ಟು ತಿದ್ದುಪಡಿ ಹಾಕದೆ ಬಿಟ್ಟಿದ್ದ ವಿಎಂವೇರಿನ ಇಎಸ್‌ಎಕ್ಸ್‌ಐ ಎಂಬ ತಂತ್ರಾಂಶ ಓಡಿಸುವ ಸರ್ವರುಗಳ ಮೇಲೆ ಜಗತ್ತಿನಾದ್ಯಂತ ದಾಳಿಯಾಗಿ, ಡಿಸ್ಕ್ ಫೈಲುಗಳಿಗೆ ಬೀಗ ಬಿದ್ದು ಒತ್ತೆ ಹಣದ ಬೇಡಿಕೆ ಬಂತು. ಆ ದಾಳಿ ಬಳಸಿದ ಲೋಪಕ್ಕೆ ಎರಡು ವರ್ಷ ಮೊದಲೇ ತಿದ್ದುಪಡಿ ಹೊರಬಿದ್ದಿತ್ತು. ಒಳಗಿನಿಂದ ಹೊರಗೆ ನುಸುಳುವ ದಾರಿಯೂ ಉಂಟು. 2015ರಲ್ಲಿ ಬೆಳಕಿಗೆ ಬಂದ 'ವೆನಮ್' ದೋಷ ಕ್ಯೂಎಮುವಿನ ಕೃತಕ ಫ್ಲಾಪಿ ಡ್ರೈವಿನ ಭಾಗದಲ್ಲಿತ್ತು. ಫ್ಲಾಪಿಯನ್ನು ಯಾರೂ ಬಳಸದ ಕಾಲದಲ್ಲೂ ಆ ಕೋಡ್ ಉಳಿದುಕೊಂಡಿತ್ತು. ಆದ್ದರಿಂದ ನಿರ್ವಹಣೆಯ ಪುಟವನ್ನು ಬಯಲಿಗೆ ಇಡದೆ ವಿಪಿಎನ್ ಎಂಬ ಖಾಸಗಿ ಸಂಪರ್ಕದ ಹಿಂದೆ ಇಡುತ್ತಾರೆ, ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಎರಡನೇ ಪುರಾವೆ ಕೇಳುತ್ತಾರೆ, ಯಾರು ಯಾವಾಗ ಯಾವ ಬಟನ್ ಒತ್ತಿದರು ಎಂಬ ದಾಖಲೆ ಇಡುತ್ತಾರೆ. ವಿದ್ಯಾರ್ಥಿಗೆ ತನ್ನ ಯಂತ್ರ ಮಾತ್ರ ಕಾಣುತ್ತದೆ, ಅಧ್ಯಾಪಕರಿಗೆ ತಮ್ಮ ತರಗತಿಯದು, ಆಡಳಿತದವರಿಗೆ ಎಲ್ಲವೂ. ಈ ಮೂರು ಮೆಟ್ಟಿಲನ್ನು ಮೊದಲ ದಿನವೇ ಕಟ್ಟಬೇಕು. ಆಮೇಲೆ ಕಟ್ಟುವುದು ಬಹಳ ಕಷ್ಟ.

ಕೊನೆಯ ಕೆಲಸ ಅಳಿಸುವುದು. ಹುಟ್ಟಿಸುವುದು ಸುಲಭವಾದ್ದರಿಂದ, ಸೆಮಿಸ್ಟರ್ ಮುಗಿದರೂ ಯಾರದೆಂದು ತಿಳಿಯದ ಯಂತ್ರಗಳು ಮೆಮೊರಿ ತಿನ್ನುತ್ತ ಓಡುತ್ತಲೇ ಇರುತ್ತವೆ. ತಿದ್ದುಪಡಿ ಕಾಣದ ಅಂಥ ಯಂತ್ರ ಕಳ್ಳರಿಗೆ ಮೊದಲ ಮೆಟ್ಟಿಲು. ಬಾಡಿಗೆಯ ಕ್ಲೌಡಿನಲ್ಲಾದರೆ ಬಿಲ್ಲೂ ಏರುತ್ತದೆ. ನಿಲ್ಲಿಸಿದ ಯಂತ್ರಕ್ಕೆ ಪ್ರೊಸೆಸರಿನ ಬಾಡಿಗೆ ಸಾಮಾನ್ಯವಾಗಿ ಇರುವುದಿಲ್ಲ, ಡಿಸ್ಕಿನ ಬಾಡಿಗೆ ಇದ್ದೇ ಇರುತ್ತದೆ. ಆದ್ದರಿಂದ ಕೋರಿಕೆಯ ನಮೂನೆಯಲ್ಲೇ ಒಡೆಯರ ಹೆಸರು ಮತ್ತು ಕೊನೆಯ ದಿನಾಂಕ ಕಡ್ಡಾಯವಾಗಿರಬೇಕು. ದಿನಾಂಕ ಹತ್ತಿರವಾದಾಗ ಎಚ್ಚರಿಕೆ ಹೋಗಬೇಕು. ಉತ್ತರ ಬಾರದಿದ್ದರೆ ಮೊದಲು ಯಂತ್ರವನ್ನು ನಿಲ್ಲಿಸಿ, ಕೆಲವು ವಾರ ಕಾದು, ನಂತರ ಅಳಿಸಬೇಕು. ಅಳಿಸುವ ಬಟನ್ ಒತ್ತಿದಾಗ ಒಳ್ಳೆಯ ವ್ಯವಸ್ಥೆಗಳು ಯಂತ್ರದ ಹೆಸರನ್ನೋ ಸಂಖ್ಯೆಯನ್ನೋ ಮತ್ತೊಮ್ಮೆ ಬೆರಳಚ್ಚು ಮಾಡಲು ಕೇಳುತ್ತವೆ. ಅದಾದ ಮೇಲೆ ಡಿಸ್ಕಿನ ಫೈಲು ಹೋಗುತ್ತದೆ, ಐಪಿ ವಿಳಾಸ ಖಾಲಿ ವಿಳಾಸಗಳ ಪಟ್ಟಿಗೆ ಮರಳುತ್ತದೆ, ಮೆಮೊರಿಯ ಪಾಲು ಮುಂದಿನ ವಿದ್ಯಾರ್ಥಿಗೆ ಸಿಗುತ್ತದೆ. ಬ್ಯಾಕಪ್ ಪ್ರತಿಗಳು ಮಾತ್ರ ತಮಗೆ ಗೊತ್ತುಮಾಡಿದ ಅವಧಿ ಮುಗಿಯುವವರೆಗೆ ಉಳಿಯುತ್ತವೆ.